ಜೀರುಂಡೆ ಹಿಡಿದ ಬಾಡಿಗೆ ಮನೆ

ಹಲ್ಲಿಯ ಕಾಟ ತಾಳಲಾರದ ಜೀರುಂಡೆ ಬಾಡಿಗೆಗೆ ಜಾಗ ಹುಡುಕುತ್ತ ಮರದ ಮೇಲಿದ್ದ ಅಪಾರ್ಟ್‌ಮೆಂಟಿನಂಥ ಜೇನುಗೂಡಿಗೆ ಬಂತು.

“ಕೋಣೆ ಖಾಲಿಯಿದೆ, ಕಾವಲೂ ಇದೆ. ಆದರೆ ಕತ್ತಲಾದ ಮೇಲೆ ಹಾಡುವಂತಿಲ್ಲ,” ಎಂದಳು ರಾಣಿಜೇನು.

“ಅಮ್ಮಾ, ಹಾಡದಿದ್ದರೆ ನನಗೆ ತಿಂದದ್ದು ಮೈಗೆ ಹತ್ತಲ್ಲ!”

“ಹಾಗಾದರೆ ಒಂಟಿ ಮನೆ ನೋಡಿಕೊ. ಹಲ್ಲಿ ಬಂದರೆ ನಮ್ಮನ್ನು ಕರೀಬೇಡ.”

ಜೀರುಂಡೆ ಅದೇ ಮರದ ಬುಡದಲ್ಲಿದ್ದ ತೆಂಗಿನ ಚಿಪ್ಪನ್ನು ಇರುವೆಯಿಂದ ಬಾಡಿಗೆಗೆ ಹಿಡಿಯಿತು.

ಸಂಜೆ ಹಲ್ಲಿ ಬಾಗಿಲಲ್ಲೇ ಕೂತು, “ಒಬ್ಬನೇನಾ ಮರಿ? ಒಳ್ಳೇದಾಯ್ತು,” ಎಂದಿತು. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಜೀರುಂಡೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಾಡಿತು. ಚಿಪ್ಪು ಡೋಲಿನಂತೆ ಮೊಳಗಿತು.

“ಯಾರೋ ಅದು ಗಲಾಟೆ ಮಾಡೋನು?” ಎಂದು ಇಡೀ ಜೇನುಗೂಡೇ ಜಗಳಕ್ಕೆ ಕೆಳಗಿಳಿಯಿತು. ಅದನ್ನು ಕಂಡ ಹಲ್ಲಿ ಬಾಲ ಅಲ್ಲೇ ಬಿಟ್ಟು ಓಡಿತು.

“ತಪ್ಪಾಯ್ತು ತಾಯಂದಿರಾ,” ಎಂದು ಜೀರುಂಡೆ ಕೈಮುಗಿಯಿತು. “ನಾಳೆಯೂ ಇದೇ ಹೊತ್ತಿಗೆ ಬೈಯೋಕೆ ಬನ್ನಿ.”