ಹಾಡುಪೆಟ್ಟಿಗೆಯೂ ಅಂಟುಹಾಳೆಯೂ

ಸುಭದ್ರಕ್ಕ ಅಂಗೈಯಗಲದ ಹೊಸ ಹಾಡುಪೆಟ್ಟಿಗೆಯೊಂದನ್ನು ಕೊಂಡುತಂದರು. ಅದರ ಮೈಗೆ ಗೀರು ಬೀಳಬಾರದೆಂದು ಅಂಗಡಿಯವರೇ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಆ ಹಾಳೆ ಸ್ಪೀಕರಿನ ತೂತುಗಳನ್ನೂ ಮುಚ್ಚಿದ್ದರಿಂದ, ಗುಂಡಿ ಒತ್ತಿದಾಗ ಹಾಡು ಗೊಣಗಿದಂತೆ ಕೇಳಿಸಿತು.

"ಅಯ್ಯೋ, ನೆಗಡಿ ಹಿಡಿದವರ ಹಾಗೆ ಹಾಡುತ್ತಲ್ಲ! ಸಂಜೆ ವಾಪಸ್ ಕೊಟ್ಟುಬಿಡ್ತೀನಿ," ಎಂದರು ಸುಭದ್ರಕ್ಕ.

ಪೆಟ್ಟಿಗೆ ಹೆದರಿ ಹಾಳೆಯನ್ನು ಬೇಡಿಕೊಂಡಿತು: "ಹಾಳೆಯಣ್ಣ, ನನ್ನನ್ನು ಬಿಟ್ಟು ಸ್ವಲ್ಪ ಸರಿ. ನನ್ನ ದನಿ ಅವರಿಗೆ ಕೇಳಿಸಲಿ."

"ತಮ್ಮಾ, ನಾನು ಸರಿದರೆ ನಿನಗೆ ಗೀರು ಬೀಳುತ್ತದೆ. ಗೀರು ಬಿದ್ದವನನ್ನು ಯಾರು ಇಟ್ಟುಕೊಳ್ಳುತ್ತಾರೆ?"

ಪೆಟ್ಟಿಗೆ ಇನ್ನೂ ಹೆದರಿತು. "ಹಾಗಾದರೆ ಗಟ್ಟಿಯಾಗಿ ಹಿಡಿದುಕೋ," ಎಂದಿತು.

ಸಂಜೆ ಅಂಗಡಿಯವನು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಒಂದೇ ಒಂದು ಗೀರು ಬಿದ್ದಿದ್ದರೂ ವಾಪಸ್ ತಗೊಳ್ತಿರಲಿಲ್ಲ ಅಕ್ಕಾ. ಇದು ಹೊಸದರ ಹಾಗೇ ಇದೆ, ಬಿಟ್ಟುಹೋಗಿ," ಎಂದ.