ಬಾಳೆಹಣ್ಣಿನ ಬೀಜ

ಹೊಳೆದಂಡೆ ಮಠದ ಮುದ್ದಪ್ಪಜ್ಜನಿಗೆ ವಯಸ್ಸಾಗಿತ್ತು. ಮುಂದೆ ಗದ್ದುಗೆ ಮೇಲೆ ಯಾರು ಕೂರೋದು ಅಂತ ಈ ವರ್ಷ ತೀರ್ಮಾನ ಆಗ್ಬೇಕಿತ್ತು.

ಶಿಷ್ಯ ಸೋಮಲಿಂಗನಿಗೆ ಅನುಮಾನವೇ ಇರ್ಲಿಲ್ಲ. ಹನ್ನೆರಡು ವರ್ಷದಲ್ಲಿ ಅಜ್ಜನ ಮಾತು, ಕೆಮ್ಮು, ಮೂಗಿಗೆ ನಶ್ಯ ಏರಿಸೋ ಶೈಲಿ ಎಲ್ಲ ಕಲಿತಿದ್ದ. ಅಜ್ಜನಿಗೆ ಮಂಡಿನೋವು ಬಂದ ಮೇಲೆ ಇವನೂ ಕುಂಟೋಕೆ ಶುರು ಮಾಡಿದ್ದ.

“ಗದ್ದುಗೆ ನಂಗೇ ತಾನೆ ಅಜ್ಜ?”

ಅಜ್ಜ ಒಂದು ಬಾಳೆಹಣ್ಣು ಕೊಟ್ರು. “ಇದರ ಬೀಜ ಹಾಕಿ ಗಿಡ ಎಬ್ಬಿಸು. ಆಮೇಲೆ ಬಂದು ಕೂತ್ಕೋ.”

“ಇಷ್ಟೇನಾ?”

ಸೋಮಲಿಂಗ ಹಣ್ಣು ತಿಂದ. ಒಳಗಿದ್ದ ಕಪ್ಪು ಚುಕ್ಕೆಗಳನ್ನ ಹುಷಾರಾಗಿ ಕಿತ್ತು ಕುಂಡದಲ್ಲಿ ಹಾಕ್ದ. ದಿನಾ ನೀರು. ಮುಂದೆ ಕೂತು ವಚನ ಬೇರೆ, ಅದೂ ಅಜ್ಜನ ದನೀಲೇ.

ಎರಡು ತಿಂಗಳಾಯ್ತು. ಕುಂಡ ಕಿಮಕ್ಕನ್ನಲಿಲ್ಲ.

ಮಠದ ಬಾಳೆ ತೋಟ ನೋಡ್ಕೊಳ್ತಿದ್ದ ದ್ಯಾವಮ್ಮ ತಡೆಯೋಕಾಗದೆ ಕೇಳಿದ್ಲು. “ಮರಿಬುದ್ಧಿಯೋರೆ, ಕುಂಡಕ್ಕೇನು ಬಾಣಂತನ ಮಾಡ್ತಿದ್ದೀರಾ?”

“ಬಾಳೆ ಬೀಜ ಹಾಕಿದ್ದೀನಿ.”

“ಅದು ಬೀಜ ಆಗದೆ ಉಳ್ಕೊಂಡ ಚುಕ್ಕೆ, ಬುದ್ಧಿ. ಕಾಡುಬಾಳೇಲಿ ಬೀಜ ಐತೆ, ಹಲ್ಲು ಮುರೀತದೆ. ಊರ ಬಾಳೇಲಿ ಎಲ್ಲಿಂದ ಬರಬೇಕು? ಬುಡದಲ್ಲಿ ಏಳೋ ಮರೀನ ಕಂದು ಅಂತೀವಿ. ಅದನ್ನ ಕಿತ್ತು ನೆಡೋದು. ನಮ್ಮತ್ತೆ ಒಂದು ಕಂದು ತಂದಿದ್ರು. ಈ ತೋಟ ಪೂರ್ತಿ ಅದೇ ಒಂದು ಗಿಡ.”

“ಇಷ್ಟು ಮರಾನೂ?”

“ಮರ ಎಲ್ಲಿ? ಕಡಿದು ನೋಡಿ, ಎಲೆ ಮೇಲೆ ಎಲೆ ಸುತ್ಕೊಂಡಿರ್ತದೆ, ಅಷ್ಟೇ.”

ಸೋಮಲಿಂಗನಿಗೆ ಥಟ್ಟನೆ ಹೊಳೀತು. ಅಜ್ಜ ಒಗಟು ಹಾಕಿದ್ದಾರೆ. ಉತ್ತರ ತಾನೇ.

ಕುಂಟೋದನ್ನೂ ಮರೆತು ಓಡ್ದ.

“ಅಜ್ಜ, ಬಾಳೆ ಬೀಜದಿಂದ ಬರಲ್ಲ, ಕಂದಿನಿಂದ ಬರ್ತದೆ. ತಾಯಿಗೂ ಅದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ನಾನು ನಿಮ್ಮ ಕಂದು. ಗದ್ದುಗೆ ಕೊಡಿ.”

ಅಜ್ಜ ಎದ್ದು ತೋಟದ ಕೆಳಗಿನ ಸಾಲಿಗೆ ಕರ್ಕೊಂಡು ಹೋದ್ರು. ಅಲ್ಲಿ ಒಂದು ಬಾಳೆಯ ಎಲೆಯೆಲ್ಲ ಹಳದಿಯಾಗಿ ಜೋತು ಬಿದ್ದಿತ್ತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ.

“ಸೊರಗು ರೋಗ,” ಅಂದ್ಲು ಹಿಂದೇನೇ ಬಂದ ದ್ಯಾವಮ್ಮ. “ಒಂದನ್ನ ಕೆಡವಿದ್ದು ಎಲ್ಲಾನೂ ಕೆಡವ್ತದೆ. ತಡ್ಕೊಳ್ಳೋಕೆ ಬೇರೆ ಥರದ್ದು ಒಂದಾದ್ರೂ ಇರಬೇಕಲ್ಲ.”

ಸೋಮಲಿಂಗ ಸಾಲು ನೋಡ್ದ. ಅಜ್ಜನ ಮುಖ ನೋಡ್ದ.

“ಗದ್ದುಗೆ ಸಿಗಲ್ವಾ ಅಜ್ಜ?”

“ಇಲ್ಲ.”

ಸೋಮಲಿಂಗ ಕೈ ಮುಗಿದ.

“ಈಗ ನಾನೇನು ಮಾಡ್ಲಿ? ನೀವು ಹೇಗೆ ಹೇಳ್ತೀರೋ ಹಾಗೇ ಇರ್ತೀನಿ.”

ಅಜ್ಜ ಹಿಂದಕ್ಕೆ ತಿರುಗಿದ್ರು.

“ದ್ಯಾವಮ್ಮ, ಇಲ್ಲಿ ಇನ್ನೊಂದು ಕಂದು ಎದ್ದಿದೆ ನೋಡು.”