ನೆಲ್ಲಿಮರದ ಬಂದಳಿಕೆ

"ಗುರುಗಳೇ, ಕಾಡನ್ನು ಉಳಿಸಬೇಕೆಂದು ಅಲ್ಲಿದ್ದವರನ್ನು ಹೊರಗೆ ಹಾಕಿದರು. ಈಗ ಕಾಡು ಸೊರಗಿತೆಂದು ಅವರನ್ನೇ ಮರಳಿ ಕರೆಯುತ್ತಿದ್ದಾರೆ. ಅಂತೂ ತಪ್ಪು ತಿದ್ದಿದಂತಾಯಿತಲ್ಲವೇ?" ಎಂದು ಶಿಷ್ಯ ಕೇಳಿದ. ಅವನ ದನಿಯಲ್ಲಿ ಸಂತೋಷವಿತ್ತು.

ಗುರುಗಳು ಒಂದು ಕತೆ ಹೇಳಿದರು:

ಒಂದು ಬೆಟ್ಟದಲ್ಲಿ ನೆಲ್ಲಿಕಾಯಿ ಕಿತ್ತು ಬದುಕುವ ಜನರಿದ್ದರು. ನೆಲ್ಲಿಮರಕ್ಕೆ ಬಂದಳಿಕೆ ಎಂಬ ಪೀಡೆಯುಂಟು. ಅದು ಕೊಂಬೆಯಲ್ಲೇ ಬೇರೂರಿ ಮರದ ಸಾರ ಹೀರುತ್ತದೆ. ಚಳಿಗಾಲದ ಕೊನೆಗೆ ನೆಲ್ಲಿ ಎಲೆ ಉದುರಿಸಿ ಸತ್ತಂತೆ ನಿಲ್ಲುತ್ತದೆ. ಆಗ ಅದರ ಮೇಲೆ ಹಸಿರಾಗಿ ಕಾಣುವುದು ಬಂದಳಿಕೆಯೊಂದೇ. ಮರ ಹತ್ತಿದವನು ಮೊದಲು ಅದನ್ನು ಕೊಯ್ದು ಹಾಕಬೇಕು, ಆಮೇಲೆ ಕಾಯಿ ಮುಟ್ಟಬೇಕು. ಇದು ಅವರ ಕಟ್ಟಳೆ. ಇದನ್ನು ಯಾರೂ ಬಾಯಲ್ಲಿ ಹೇಳಿಕೊಡುತ್ತಿರಲಿಲ್ಲ. ಮಕ್ಕಳು ಅಪ್ಪನ ಹಿಂದೆ ಮರ ಹತ್ತಿ ಕಲಿಯುತ್ತಿದ್ದರು.

ಆ ನಾಡಿನ ಅರಸನಿಗೆ ಕಾಡೆಂದರೆ ಪ್ರಾಣ. ಸುಳ್ಳಲ್ಲ, ನಿಜವಾಗಿಯೂ ಪ್ರಾಣ. ಒಮ್ಮೆ ಕಾಡು ನೋಡಲು ಬಂದವನು, ಒಬ್ಬಾತ ಮರದ ಮೇಲೆ ಕೂತು ಇದ್ದ ಹಸಿರನ್ನೆಲ್ಲ ಕೊಯ್ದು ಬಿಸಾಡುವುದನ್ನು ಕಂಡ. ಏಕೆಂದು ಕೇಳುವಷ್ಟು ತಾಳ್ಮೆ ಅವನಿಗಿರಲಿಲ್ಲ. "ಹಸಿರು ಕೊಯ್ದವರಿಗೆ ಸೆರೆವಾಸ" ಎಂದು ಡಂಗುರ ಹೊಡೆಸಿ, ಬೆಟ್ಟದವರನ್ನೆಲ್ಲ ಕೆಳಗಿಳಿಸಿದ. ಅವರು ರಸ್ತೆಗೆ ಕಲ್ಲು ಒಡೆದು ಹೊಟ್ಟೆ ಹೊರೆದರು.

ಇಪ್ಪತ್ತು ವರ್ಷ ಬೆಟ್ಟ ದೂರಕ್ಕೆ ಹಸಿರಾಗಿಯೇ ಕಂಡಿತು. ಅರಸ ಹಿಗ್ಗಿದ. ಕೊನೆಗೊಮ್ಮೆ ಹತ್ತಿರ ಹೋಗಿ ನೋಡಿದರೆ ಒಂದೇ ಒಂದು ನೆಲ್ಲಿಮರಕ್ಕೆ ಜೀವವಿತ್ತು. ಬಂದಳಿಕೆ ತೆಗೆಯುವವರಿಲ್ಲದೆ ಮರಗಳು ಸತ್ತವೆಂದು ಯಾರೋ ಹೇಳಿದರು. ಬಂದಳಿಕೆ ಹೇಗಿರುತ್ತದೆಂದು ಅವನು ಆಗಲೂ ಕೇಳಲಿಲ್ಲ. ಅದೇ ಡಂಗುರದವನನ್ನು ಕಳಿಸಿ ಬೆಟ್ಟದವರನ್ನು ಕರೆಸಿದ.

ಅಂದು ಮರದ ಮೇಲೆ ಕೂತಿದ್ದವನು ಈಗ ಕಣ್ಣು ಹೋದ ಮುದುಕ. ಈ ಮರ ಉಳಿದರೆ ಬೀಜ ಬಿದ್ದು ಬೆಟ್ಟ ಮತ್ತೆ ಚಿಗುರೀತು ಎಂಬುದೊಂದೇ ಅವನ ಆಸೆ. ಮಗನ ಕೈಗೆ ಕುಡುಗೋಲು ಕೊಟ್ಟು ಬಂದಳಿಕೆ ತೆಗೆಯಲು ಹೇಳಿದ. ಮಗನಿಗೆ ಗೊತ್ತಿದ್ದುದು ಕಲ್ಲು ಒಡೆಯುವುದು ಮತ್ತು ಹಸಿರು ಕೊಯ್ಯಬಾರದೆಂಬ ಡಂಗುರ. ಬಂದಳಿಕೆ ಯಾವುದೆಂದು ಅರಸನ ಮುಂದೆ ಅಪ್ಪನನ್ನು ಕೇಳಲು ಅವನಿಗೆ ನಾಚಿಕೆಯಾಯಿತು. ಚಳಿಗಾಲದ ಕೊನೆಗೆ ಎಲೆ ಉದುರಿಸಿ ನಿಂತಿದ್ದ ಆ ಮರವನ್ನು ಕೇಳದೆಯೇ ಹತ್ತಿದ. ಮಧ್ಯಾಹ್ನದವರೆಗೂ ಕೊಯ್ದ.

"ಎಲ್ಲಾ ತೆಗೆದ್ಯಾ ಮಗಾ?"

"ತೆಗೆದೆ ಕಣಪ್ಪಾ. ಒಣಗಿದ್ ಕೊಂಬೆ ಒಂದೂ ಬಿಟ್ಟಿಲ್ಲ. ಹಸುರಾಗಿರೋದನ್ನ ಮಾತ್ರ ಮುಟ್ಟಿಲ್ಲ."

ಮುದುಕ ನೆಲ ತಡಕಿ ಒಂದು ಕೊಂಬೆ ಎತ್ತಿಕೊಂಡ. ಅದರ ತುದಿಯಲ್ಲಿ ಮೊಳೆಯುತ್ತಿದ್ದ ಚಿಗುರು ಬೆರಳಿಗೆ ತಾಕಿತು. ಅವನು ಅಲ್ಲೇ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ. ಅರಸ ಮರದ ಮೇಲುಳಿದ ಹಸಿರು ನೋಡಿ, "ಭಲೆ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಮಗ ತಿಳಿಯದೆ ಮಾಡಿದ. ಆಮೇಲಾದರೂ ಮುದುಕ ಅವನಿಗೆ ಕಲಿಸಬಹುದಿತ್ತಲ್ಲ?"

ಗುರುಗಳು ಕೇಳಿದರು: "ಯಾವ ಮರ ಹತ್ತಿಸಿ?"